ಅತ್ತೆಯ ಮಷಿನ್ನಿಗೆ ಕರೆಂಟು

ಬೀದಿಯವರೆಲ್ಲ ಅವಳನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಸಿಟಿ ಬಸ್ಸಿನ ಹಿಂಬಾಗಿಲಲ್ಲಿ ನೇತಾಡುವವರನ್ನು ಒಂದೇ ಕೂಗಿಗೆ ಒಳಗೆ ಎಳೆದುಕೊಳ್ಳುವ ಗಂಟಲು ಅವಳದು. ಮನೆಯಲ್ಲಿ ಮಾತ್ರ ಆ ಗಂಟಲು ತೆಗೆಯುತ್ತಿರಲಿಲ್ಲ. ಉಬ್ಬಸದ ಅತ್ತೆ ಬೆಚ್ಚಿಬೀಳುತ್ತಾರೆಂದು. ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಹಾಗಾಗಿ ಮನೆಯೆಂದರೆ ಅತ್ತೆ, ಸೊಸೆ ಇಬ್ಬರೇ.

ಹೊಸ ಬಾಡಿಗೆ ಮನೆ ನೋಡಲು ಹೋದ ದಿನ ಅವಳು ಕೇಳಿದ್ದು ಒಂದೇ.

"ಅತ್ತೆಗೆ ಹೊತ್ತುಹೊತ್ತಿಗೆ ಮಷಿನ್ನಲ್ಲಿ ಔಷಧಿ ಕೊಡಬೇಕು ಸಾರ್. ಕರೆಂಟ್ ಇನ್ನೂ ಹಳೇ ಬಾಡಿಗೆಯವರ ಹೆಸರಲ್ಲೇ ಇದೆಯಂತೆ. ನಾವು ಬರೋದ್ರೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಡ್ತೀರಾ?"

"ಅದನ್ನ ನನಗೆ ಬಿಡಮ್ಮ," ಎಂದು ಮಾಲೀಕ ಬೀಗದಕೈ ಕೊಟ್ಟ. ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡವನು.

ಅವನು ಹುಲ್ಲುಕಡ್ಡಿಯನ್ನೂ ಅಲ್ಲಾಡಿಸಲಿಲ್ಲ. ಹಳೆಯವರು ಹೋಗುವಾಗ ತಮ್ಮ ಹೆಸರಿನ ಕರೆಂಟು ನಿಲ್ಲಿಸಿ ಎಂದು ಆಫೀಸಿಗೆ ಹೇಳಿಹೋಗಿದ್ದರು. ಇವರು ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ ಲೈನ್‌ಮನ್ ಬಂದು ಫ್ಯೂಸು ಕಿತ್ತುಕೊಂಡ. ಅತ್ತೆ ಆಗಷ್ಟೇ ಮೂಗಿಗೆ ಮಾಸ್ಕು ಏರಿಸಿದ್ದರು. ಬಿಚ್ಚದ ಗಂಟುಮೂಟೆಗಳ ನಡುವೆ ಮಷಿನ್ನಿನ ಗುಂಯ್ ಸದ್ದು ನಿಂತುಹೋಯಿತು.

ಕರೆಂಟ್ ಆಫೀಸಿಗೆ ಫೋನು ಮಾಡಿದಳು. ಮಾಲೀಕರೇ ಬಂದು ಸಹಿ ಹಾಕಿದರೆ ಇವತ್ತೇ ಕೊಡುತ್ತೇವೆ ಎಂದರು. ಮಾಲೀಕನಿಗೆ ಮಾಡಿದಳು.

"ಗಿರಾಕಿಗಳಿದ್ದಾರಮ್ಮ. ನಾಡಿದ್ದು ನೋಡೋಣ. ಅಲ್ಲಿವರೆಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಸೀಟು ಅಡ್ಜಸ್ಟ್ ಮಾಡಿಕೊಳ್ಳಬಹುದು. ಉಸಿರನ್ನು ಹೇಗೆ ಮಾಡಿಕೊಳ್ಳುವುದು? ಒಂದು ಕಂಕುಳಲ್ಲಿ ಮಷಿನ್ನು, ಇನ್ನೊಂದು ಕೈಯಲ್ಲಿ ಅತ್ತೆ. ಆಟೋ ಹತ್ತಿ ಸೀದಾ ಚಪ್ಪಲಿ ಅಂಗಡಿಗೆ ಹೋದಳು. ಗಿರಾಕಿಗಳು ಕಾಲಿಗೆ ಅಳತೆ ನೋಡುವ ಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿ, ಫ್ಯಾನಿನ ಪ್ಲಗ್ಗು ಕಿತ್ತು ಮಷಿನ್ನಿನದು ಚುಚ್ಚಿದಳು. ಮಾಸ್ಕಿನಿಂದ ಬಿಳಿ ಆವಿ ಹೊರಟಿತು.

"ಏನಮ್ಮ ಇದು, ವ್ಯಾಪಾರದ ಹೊತ್ತಲ್ಲಿ?"

"ನಿಮ್ಮ ಮನೇಲಿ ಕರೆಂಟಿಲ್ಲ. ನಿಮ್ಮ ಅಂಗಡೀಲಿದೆ. ನಾಡಿದ್ದಿನವರೆಗೆ ಇಲ್ಲೇ ಇರ್ತೀವಿ."

ಒಂದು ಕಾಲಿಗೆ ಮಾತ್ರ ಹೊಸ ಚಪ್ಪಲಿ ಹಾಕಿಕೊಂಡು ನಿಂತಿದ್ದ ಹೆಂಗಸೊಬ್ಬಳು, "ಅಜ್ಜಿಗೆ ಏನಾಯ್ತು?" ಎಂದು ಕೇಳಿದಳು. ಕಂಡಕ್ಟರಮ್ಮ ಹೇಳಿದಳು. ಬಸ್ಸಿನ ಗಂಟಲಲ್ಲೇ ಹೇಳಿದಳು. ಎದುರು ಸಾಲಿನ ಅಂಗಡಿಯವರೂ ಹೊರಗೆ ಬಂದು ನಿಂತರು.

"ಸ್ವಲ್ಪ ಮೆಲ್ಲಗೆ ಮಾತಾಡಮ್ಮ," ಎಂದ ಮಾಲೀಕ.

"ಮೆಲ್ಲಗೆ ಹೋದ ವಾರ ಹೇಳಿದ್ದೆ. ನಿಮಗೆ ಕೇಳಿಸ್ಲಿಲ್ಲ."

ಆ ಹೆಂಗಸು ಚಪ್ಪಲಿ ಕಳಚಿಟ್ಟು ಹೊರಟುಹೋದಳು. ಅವಳ ಹಿಂದೆ ಇನ್ನಿಬ್ಬರು. ಮಾಲೀಕ ಸ್ಕೂಟರಿನ ಕೀಲಿ ಹುಡುಕತೊಡಗಿದ.

ಸಂಜೆಯೊಳಗೆ ಕಂಡಕ್ಟರಮ್ಮನ ಹೆಸರಿಗೇ ಕರೆಂಟು ಬಂತು. ಲೈನ್‌ಮನ್ ಹೋದ ಮೇಲೆ ಮಾಲೀಕ ಬಾಗಿಲಿಗೆ ಬಂದು, "ಇಷ್ಟಕ್ಕೆ ಅಂಗಡಿವರೆಗೂ ಬರಬೇಕಿತ್ತಾ? ಫೋನಲ್ಲೇ ಬಿಡಿಸಿ ಹೇಳಬಹುದಿತ್ತು," ಎಂದ.

ಅವಳು ಅವನ ಮುಖದ ಮೇಲೆಯೇ ಬಾಗಿಲು ಹಾಕಿ ಚಿಲಕ ಎಳೆದಳು.

"ಅಷ್ಟೊಂದು ಸಿಟ್ಟು ಒಳ್ಳೇದಲ್ಲ ಕಣೇ," ಎಂದರು ಅತ್ತೆ. "ಕೆಲಸ ಆಯ್ತಲ್ಲ."

"ಬೆಳಿಗ್ಗೆ ನಿಮ್ಮ ತುಟಿ ನೀಲಿಗಟ್ಟಿತ್ತು ಅತ್ತೆ. ನೀವು ನೋಡ್ಲಿಲ್ಲ, ನಾನು ನೋಡ್ದೆ."

ಅತ್ತೆ ಮಾಸ್ಕಿಗೆ ಕೈ ಚಾಚಿದರು. ಸೊಸೆ ಚಿಲಕ ಬಿಟ್ಟು ಬಂದು ಮಷಿನ್ನಿನ ಪ್ಲಗ್ಗು ಚುಚ್ಚಿದಳು.