ಮನೆ ತುಂಬಿಸುವ ಆತುರಕ್ಕೆ ಬಿದ್ದ ದಂಡ

ಮದುವೆಯಾಗಿ ಮೈಸೂರಿಗೆ ಬಂದ ದಿನವೇ ನನ್ನಿಂದಾಗಿ ಒಂದು ಪೊಲೀಸ್ ಕೇಸಾಯಿತು. ನನ್ನಿಂದ ಎನ್ನುವುದು ಅತ್ತೆಯವರ ಮಾತು. ನಾನು ಇವತ್ತಿಗೂ ಒಪ್ಪುವುದಿಲ್ಲ.

ಐವತ್ತರ ದಶಕದ ಮಾತು. ನನ್ನ ಸೋದರಮಾವ ನಂಜನಗೂಡಿನಲ್ಲಿ ಸಾಹುಕಾರರೊಬ್ಬರ ಬಾಡಿಗೆ ಕಾರು ಓಡಿಸುತ್ತಿದ್ದರು. ಅಪ್ಪನಿಲ್ಲದ ನನ್ನನ್ನು ಧಾರೆ ಎರೆದು ಕೊಟ್ಟವರೂ ಅವರೇ, ಗಂಡನ ಮನೆಗೆ ಕಾರಿನಲ್ಲಿ ಕರೆತಂದವರೂ ಅವರೇ. ಅವತ್ತು ಭಾನುವಾರ, ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಸೊಸೆ ಸರಸ್ವತಿಪುರಂ ಮನೆಯ ಹೊಸ್ತಿಲು ದಾಟಬೇಕೆಂದು ನಮ್ಮಿಬ್ಬರ ಜೊತೆ ಕಾರಿನಲ್ಲಿದ್ದ ಅತ್ತೆಯದು ದಾರಿಯುದ್ದಕ್ಕೂ ಒಂದೇ ಜಪ.

"ಬೀಗ್ರೇ, ವಸಿ ಜೋರಾಗಿ ಬುಡಿ. ಹೊತ್ತು ಮೀರೋಯ್ತದೆ."

ಮಾವ ಬಿಟ್ಟರು. ಊರೊಳಗೆ ಬರುತ್ತಲೇ ಒಬ್ಬ ಪೊಲೀಸಿನವನು ಕರವಸ್ತ್ರ ಬೀಸಿದ. ಮುಂದೆ ಇನ್ನೊಬ್ಬ ಗಡಿಯಾರ ಹಿಡಿದು ನಿಂತಿದ್ದ. ಕರವಸ್ತ್ರದವನಿಂದ ಗಡಿಯಾರದವನ ತನಕ ಬರಲು ಎಷ್ಟು ಹೊತ್ತಾಯಿತೆಂದು ನೋಡಿ ಆಗ ವೇಗ ಅಳೆಯುತ್ತಿದ್ದರು. ಅವರು ಬರೆದುಕೊಂಡು ಬಿಡುವಷ್ಟರಲ್ಲಿ ರಾಹುಕಾಲ ಬಂದೇ ಬಂತು. ಅದು ಕಳೆಯುವ ತನಕ ನಾನೂ ನನ್ನ ಗಂಡನೂ ಮನೆ ಮುಂದೆ ಕಾರಿನಲ್ಲೇ ಕೂತೆವು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು.

ಕೋರ್ಟಿನಲ್ಲಿ ಮಾವ ತಪ್ಪೊಪ್ಪಿಕೊಂಡರು. ಒಪ್ಪಿಕೊಂಡರೆ ಸಣ್ಣ ದಂಡ ಕಟ್ಟಿ ಅವತ್ತೇ ಮನೆ ಸೇರಬಹುದು, ಡ್ರೈವರುಗಳೆಲ್ಲ ಮಾಡುತ್ತಿದ್ದುದು ಅದನ್ನೇ. ಆದರೆ ಮ್ಯಾಜಿಸ್ಟ್ರೇಟರು ದಂಡದ ಜೊತೆಗೆ ಆರು ತಿಂಗಳು ಲೈಸೆನ್ಸನ್ನೂ ಕಿತ್ತುಕೊಂಡರು. ಅಷ್ಟು ದಿನ ಸಾಹುಕಾರರು ಕಾಯುತ್ತಾರೆಯೇ? ಕಾರು ಬೇರೆಯವನ ಕೈಗೆ ಹೋಗುತ್ತದೆ. ಮಾವ ಅಪೀಲು ಹಾಕಿದರು. ತಪ್ಪು ಒಪ್ಪಿಯಾಗಿದೆ, ಇನ್ನು ಶಿಕ್ಷೆ ಇಳಿಸಿ ಎಂದಷ್ಟೇ ಕೇಳಬಹುದು, ಅದಕ್ಕೂ ಕಾರಿನಲ್ಲಿದ್ದವರೇ ಅವಸರ ಮಾಡಿದರೆಂದು ಒಬ್ಬರಾದರೂ ಹೇಳಬೇಕು ಎಂದರು ವಕೀಲರು.

ನನ್ನ ಗಂಡ ತಾಯಿಗೆ ಎದುರಾಡುವ ಪೈಕಿಯಲ್ಲ. ನಾನೇ ಹೇಳುತ್ತೇನೆ ಎಂದೆ. ಮಾವ ಗದರಿದರು.

"ನಿಮ್ಮತ್ತೆ ಮಾತು ಎತ್ಬ್ಯಾಡ ಕಣವ್ವ. ಲೈಸೆನ್ಸ್ ಇವತ್ತಲ್ಲ ನಾಳೆ ಬತ್ತದೆ. ನೀನು ಆ ಮನೇಲೇ ಬಾಳ್ಬೇಕು."

ಅಪೀಲಿನ ದಿನ ಅತ್ತೆ ನನ್ನ ಜೊತೆಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಜಡ್ಜು ನನ್ನನ್ನು ಕರೆದು, "ಏನಮ್ಮ, ಜೋರಾಗಿ ಓಡಿಸು ಅಂತ ಯಾರಾದರೂ ಹೇಳಿದರೇ?" ಎಂದು ಕೇಳಿದರು. ಬೆನ್ನ ಹಿಂದೆ ಅತ್ತೆಯ ಬಳೆಯ ಸದ್ದೂ ಇಲ್ಲ. ನನಗೆ ಭಯವಿತ್ತು, ಭಯಕ್ಕಿಂತ ಸಿಟ್ಟು ಹೆಚ್ಚಿತ್ತು.

"ನಮ್ಮತ್ತೆ ಹೇಳಿದ್ರು ಸ್ವಾಮಿ."

ಮಾವ ಕೈಮುಗಿದು ಮುಂದೆ ಬಂದೇಬಿಟ್ಟರು. "ಇಲ್ಲ ಬುದ್ದಿ. ನನ್ ಮೇಲಿನ ಪ್ರೀತಿಗೆ ಸುಳ್ ಹೇಳ್ತಾವ್ಳೆ ಮಗ. ಯಾರೂ ಹೇಳ್ನಿಲ್ಲ. ಜೋರಾಗಿ ಬುಟ್ಟೋನು ನಾನೇ."

ವಕೀಲರು ತಲೆಯ ಮೇಲೆ ಕೈಹೊತ್ತರು. ಜಡ್ಜು ಒಮ್ಮೆ ಹಿಂದಿನ ಬೆಂಚಿನ ಕಡೆ ನೋಡಿದರು. ಅತ್ತೆ ತುಟಿ ಬಿಚ್ಚಲಿಲ್ಲ. ಅಪೀಲು ವಜಾ ಆಯಿತು.

ಹೊರಗೆ ಬಂದ ಮೇಲೆ ಅತ್ತೆ, "ಊಟ ಮಾಡ್ಕೊಂಡೇ ಹೋಗ್ಬೇಕು ಬೀಗ್ರೇ" ಎಂದರು. ಅಷ್ಟು ಮೆತ್ತಗಿನ ದನಿ ಅವರಿಗಿದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಮಾವ ಸಾರು ಚೆನ್ನಾಗಿದೆಯೆಂದು ಎರಡು ಸಲ ಬಡಿಸಿಕೊಂಡು ಉಂಡರು. ಬಡಿಸುತ್ತಿದ್ದ ನನ್ನ ಕಡೆ ತಲೆಯೆತ್ತಿ ನೋಡಲಿಲ್ಲ.

ಸಂಜೆ ನಾನೂ ಅತ್ತೆಯೂ ಅವರನ್ನು ಬಸ್ಸು ಹತ್ತಿಸಲು ಹೋದೆವು. ಕೊನೆಯ ಸಾಲಿನಲ್ಲಿ ಇಬ್ಬರ ನಡುವೆ ಸೀಟು ಸಿಕ್ಕಿತು. ಬಸ್ಸು ಹೊರಟಾಗ ಮಾವನ ಬಲಗಾಲು ಆಕ್ಸಿಲರೇಟರು ತುಳಿಯುವ ಹಾಗೆ ತಾನಾಗಿಯೇ ಮುಂದಕ್ಕೆ ಒತ್ತಿದ್ದು ತೆರೆದ ಹಿಂಬಾಗಿಲಿನಿಂದ ಕಾಣಿಸಿತು. ನಾನು ಅತ್ತೆಯ ಎದುರಿಗೇ ಗಟ್ಟಿಯಾಗಿ ಅತ್ತುಬಿಟ್ಟೆ.