ಗುಮ್ಮಟದಲ್ಲಿ ಕರೆದ ಹೆಸರು

ಬನಹಟ್ಟಿಯಿಂದ ಬಿಜಾಪುರದ ಹಾದಿಯನ್ನು ನಮ್ಮ ಮಾಮಾ ಮುರಗೆಪ್ಪ ಇಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟು ಸಲ ಸವೆಸಿದ್ದಾರೋ ಹೇಳುವುದು ಕಷ್ಟ. ಮಾಮಾ ಎಂದರೆ ನನ್ನ ಅಕ್ಕ ದಾನೇಶ್ವರಿಯ ಗಂಡ, ಪವರ್‌ಲೂಮಿನಲ್ಲಿ ಸೀರೆ ನೇಯುವವರು. ಅಮಾವಾಸ್ಯೆಗೆ ಅವರ ಮಗ್ಗ ಬಂದ್. ಓಣಿಯ ಉಳಿದ ನೇಕಾರರು ಆ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು, ಹೋಳಿಗೆ ಉಂಡು, ಕಾಲು ಚಾಚಿ ಮಲಗಿದರೆ, ಇವರು ಬೆಳಗಿನ ಮೊದಲ ಬಸ್ಸಿಗೇ ಅಕ್ಕನನ್ನು ಹೊರಡಿಸುತ್ತಿದ್ದರು. "ಈ ಮನಷ್ಯಾಂದು ಬಿಜಾಪುರದಾಗ ಇನ್ನೊಂದ ಸಂಸಾರ ಐತಿ" ಎಂದು ಓಣಿಯವರು ನಗುವುದು. ಹೆಂಡತಿಯೂ ಜೊತೆಗೇ ಹೋಗುತ್ತಾಳಲ್ಲ ಎಂದರೆ, "ಹಂಗಾರ ಆಕಿಗೆ ಗೊತ್ತಿದ್ದೇ ನಡದೈತಿ" ಎಂದು ಇನ್ನಷ್ಟು ನಗುವುದು.

ನಾನು ಜಮಖಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಸರು ಶಶಿಕಾಂತ. ನೌಕರಿ ಸಿಕ್ಕ ಮೇಲೆ ಆಗೀಗ ರಜೆ ಹಾಕಿ, ಜಮಖಂಡಿ ಸ್ಟ್ಯಾಂಡಿನಲ್ಲಿ ನಾನೂ ಅವರ ಬಸ್ಸು ಹತ್ತುತ್ತಿದ್ದೆ. ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ಕಂಡ ಕೂಡಲೇ ಮಾಮಾ ಸೀಟಿನಿಂದ ಎದ್ದು ನಿಲ್ಲುವರು. ಹೊಳೆ ದಾಟುವವರೆಗೂ ಕೂಡುತ್ತಿರಲಿಲ್ಲ. ಕಂಡಕ್ಟರು "ಇಳೀತೀರೇನ್ರಿ ಕಾಕಾ?" ಎಂದು ಕೇಳಿದರೆ, "ಇಲ್ಲೋ ತಮ್ಮಾ, ಬಿಜಾಪುರ ಬಂತಲ್ಲ" ಎನ್ನುವರು. ಬಿಜಾಪುರ ಇನ್ನೂ ತಾಸೊಪ್ಪತ್ತು ದೂರವಿರುತ್ತಿತ್ತು. ತಿರುಗಿ ಬರುವಾಗಲೂ ಹೊಳೆ ಬಂದರೆ ಹಾಗೇ ಎದ್ದು ನಿಂತು ಹಿಂದಕ್ಕೆ ನೋಡುವರು.

ಊರಿಗೆ ಈಗ ಬೋರ್ಡಿನ ಮೇಲೆ ವಿಜಯಪುರ ಎಂದು ಬರೆದಿದ್ದಾರೆ. ಮಾಮಾನ ಬಾಯಲ್ಲಿ ಅದು ಬಿಜಾಪುರವೇ. ಅಲ್ಲಿ ಒಂದು ಸಲಕ್ಕೆ ಒಂದೇ ಜಾಗ ನೋಡಬೇಕು ಎಂಬುದು ಅವರ ಕಟ್ಟುನಿಟ್ಟು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿ ಹೋಗುವವರನ್ನು ಕಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಂದು ಅಮಾವಾಸ್ಯೆ ಇಬ್ರಾಹಿಂ ರೋಜಾದ ಕಲ್ಲಿನ ಜಾಲರಿಯ ಮುಂದೆ ಅರ್ಧ ದಿನ ಕೂತು, "ಕಲ್ಲಿನಾಗ ನೇದಾರಲೇ ಶಶಿ. ಒಂದ ಎಳಿ ತಪ್ಪಿಲ್ಲ ನೋಡ" ಎಂದರು. ಇನ್ನೊಂದು ಅಮಾವಾಸ್ಯೆ, ಕಟ್ಟುವುದನ್ನು ನಡುವೆಯೇ ಬಿಟ್ಟ ಬಾರಾ ಕಮಾನಿನ ಕೆಳಗೆ ನಿಂತು, ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆ ಬಿಟ್ಟು ಹೋದವರನ್ನು ಬೈಯುವ ಹಾಗೆ ಬೈದರು. ಮಲಿಕ್-ಎ-ಮೈದಾನ್ ತೋಪಿಗೆ ಉರಿಬಿಸಿಲಿನಲ್ಲಿ ಕೆನ್ನೆ ಹಚ್ಚಿ ತಂಪು ನೋಡುವರು. ಈ ಕಟ್ಟುನಿಟ್ಟಿಗೆ ಹೊರತಾಗಿ ಯಾವ ಸಲವೂ ತಪ್ಪದೆ ಹೋಗುವ ಜಾಗ ಒಂದೇ, ಗೋಲಗುಮ್ಮಟ. ಸಾಲಿ ಮಕ್ಕಳು ಬಂದು ಗದ್ದಲ ಎಬ್ಬಿಸುವ ಮೊದಲೇ ಅಲ್ಲಿಗೆ ಮುಟ್ಟಬೇಕು ಎಂದೇ ಆ ಮೊದಲ ಬಸ್ಸು.

ಅದರ ಕಾರಣ ನನಗೆ ಬಹಳ ದಿನ ಗೊತ್ತಿರಲಿಲ್ಲ.

ಅಕ್ಕ ಗಂಡನ ಹೆಸರು ಹೇಳುವವಳಲ್ಲ. ನಮ್ಮ ಕಡೆ ಹಿರಿಯ ಹೆಂಗಸರು ಹೇಳುವುದಿಲ್ಲ ನಿಜ, ಆದರೆ ಅಕ್ಕನದು ಅತಿ. ಮದುವೆಯಲ್ಲಿ ಒಡಪು ಹಾಕಿ ಹೆಸರು ಹೇಳಲು ಹಟ ಹಿಡಿದಾಗ ಅತ್ತೇಬಿಟ್ಟಿದ್ದಳು. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದರೆ ಪಕ್ಕದ ಮನೆಯ ಸಾತವ್ವನನ್ನು ಕೂಗಿ ಕರೆದು ಅವಳಿಂದ ಹೇಳಿಸುವಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ ಅವಳ ಎಲುಬಿನಲ್ಲೇ ಇತ್ತು.

ಗುಮ್ಮಟದ ಮೇಲೆ ಒಳಸುತ್ತಿನಲ್ಲಿ ಒಂದು ಮೊಗಸಾಲೆ ಇದೆ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಒಂದು ಮಾತು ಆಡಿದರೆ, ಅಷ್ಟು ದೂರ ಎದುರು ಬದಿಯಲ್ಲಿ ಗೋಡೆಗೆ ಕಿವಿ ಇಟ್ಟವರಿಗೆ ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಸಲ ಮರುದನಿ. ಮದುವೆಯಾದ ಹೊಸತರಲ್ಲಿ ಮಾಮಾ ಅಕ್ಕನನ್ನು ಅಲ್ಲಿಗೆ ಕರೆದೊಯ್ದು, "ನನಗ ಹೇಳಬ್ಯಾಡ, ಗ್ವಾಡಿಗೆ ಹೇಳ. ಯಾರಿಗೂ ಕಾಣೂದಿಲ್ಲ" ಎಂದು ಪುಸಲಾಯಿಸಿದ್ದರಂತೆ. ಅವಳು ಎದುರು ಬದಿಗೆ ಹೋಗಿ, ಬೆನ್ನು ತಿರುಗಿಸಿ, ಸೆರಗನ್ನು ಬಾಯಿಗೆ ಮರೆ ಹಿಡಿದು ಹೇಳಿದಳಂತೆ. ಮುಂದೆ ಪ್ರತಿ ಅಮಾವಾಸ್ಯೆ ಒಮ್ಮೆ. ಒಮ್ಮೆಯೇ, ಅಲ್ಲಿ ಮಾತ್ರ. ಗೋಡೆಗೆ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ಅವಳು ದೇವರೊಡನೆ ಏನೋ ಒಪ್ಪಂದ ಮಾಡಿಕೊಂಡಿರಬೇಕು.

ಇದು ನನಗೆ ತಿಳಿದದ್ದು ಮಾಮಾನ ಪಕ್ಕದಲ್ಲಿ ಸುಮ್ಮನೆ ಗೋಡೆಗೆ ಕಿವಿಯಿಟ್ಟು ನಿಂತ ದಿನ. "ಮುರಗೆಪ್ಪಾ" ಎಂದು ಅಕ್ಕನ ದನಿ ಬಂತು. ಆ ಹೆಸರನ್ನು ಅವಳ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಾಮಾ ಕಣ್ಣು ಮುಚ್ಚಿ ನಿಂತಿದ್ದರು. ನಾನು ನಕ್ಕು ಹಂಗಿಸಬೇಕೆಂದವನು ಹಂಗಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಹೆಂಡತಿ ರಂಜನಾ ದಿನಕ್ಕೆ ನಲವತ್ತು ಸಲ ನನ್ನ ಹೆಸರು ಕರೆಯುತ್ತಾಳೆ, ಒಂದು ಸಲವೂ ನಾನು ಹಾಗೆ ಕಣ್ಣು ಮುಚ್ಚಿಲ್ಲ.

ಐದಾರು ವರ್ಷದ ಹಿಂದೆ, ಗುಮ್ಮಟ ಇಳಿಯುವಾಗ ಮಾಮಾ, "ಇವತ್ತ ಐದ ಸಲಾನ ಬಂತಲ್ಲೋ" ಎಂದರು. ಹೆಸರಿಗೆ ಮೊದಲು ಅವರು ಒಂದು ಚಪ್ಪಾಳೆ ತಟ್ಟಿ ಮರುದನಿ ಎಣಿಸುವ ರೂಢಿ. ಗುಮ್ಮಟದ ನಾಡಿ ನೋಡುವುದು ಎನ್ನುತ್ತಿದ್ದರು. ನನಗೆ ಏಳೂ ಕೇಳಿಸಿದ್ದವು. ಮುಂದಿನ ವರ್ಷ ನಾಲ್ಕಾಯಿತು, ಆಮೇಲೆ ಎರಡು. "ಗುಮ್ಮಟ ಎಲ್ಲೋ ಸೀಳೇತಿ. ದನಿ ಸೋರಾಕತ್ತೇತಿ" ಎಂದು ಕಾವಲುಗಾರನಿಗೆ ಹೇಳಿದರು. ಕಾವಲುಗಾರ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ನೀವು ಕೇಳಬಹುದು, ಕಿವಿ ಹೋಗುತ್ತಿರುವುದು ಮನುಷ್ಯನಿಗೆ ಗೊತ್ತಾಗುವುದಿಲ್ಲವೇ ಎಂದು. ಬೇರೆಯವರಿಗೆ ಗೊತ್ತಾದೀತು. ಇಪ್ಪತ್ತು ಮಗ್ಗ ಒಮ್ಮೆಲೇ ಬಡಿಯುವ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವವರು. ನೂಲು ಹರಿಯಿತು, ಕಂಡಿಕೆ ಮುಗಿಯಿತು, ಚಹಾ ಬಂತು, ಎಲ್ಲವೂ ತುಟಿಯಲ್ಲಿ ಮತ್ತು ಬೆರಳಿನಲ್ಲಿ. ಮನೆಗೆ ಬಂದರೂ ಅದೇ ಚಾಳಿ. ಮನೆಯಲ್ಲೇ ಕಂಡಿಕೆಗೆ ನೂಲು ಸುತ್ತುವ ಅಕ್ಕನೂ ಎದುರಿಗೆ ಬಂದು, ಬಾಯಿ ಅಗಲಿಸಿಯೇ ಮಾತಾಡುವಳು. ಹಾಗಾಗಿ ಮಾಮಾನಿಗೆ ಊರೆಲ್ಲ ಕೇಳಿಸುತ್ತಿತ್ತು, ಒಂದು ಮಾತೂ ತಪ್ಪುತ್ತಿರಲಿಲ್ಲ. ತುಟಿ ಕಾಣದೆ ದನಿ ಮಾತ್ರ ಬರುವ ಜಾಗ ಅವರ ಬಾಳಿನಲ್ಲಿ ಅದೊಂದೇ ಇತ್ತು. ಅದು ಸುಮ್ಮನಾಗತೊಡಗಿದಾಗ ಅವರು ಅನುಮಾನಪಟ್ಟದ್ದು ಗುಮ್ಮಟವನ್ನು.

"ಶಶಿ, ನೀ ಕಚೇರ್ಯಾಗ ಇದ್ದಾಂವ. ಗುಮ್ಮಟದ ಇಲಾಖೆಯವರಿಗೆ ಒಂದ ಅರ್ಜಿ ಬರಿ" ಎಂದು ಎರಡು ವರ್ಷದ ಹಿಂದೆ ಬಂದು ಕೂತರು. ನಾನು ಆಗಲೇ ಹೇಳಬೇಕಿತ್ತು. ಹೇಳದೆ, "ಸದರಿ ಗುಮ್ಮಟದ ದನಿಯು ದಿನೇ ದಿನೇ ಕ್ಷೀಣಿಸುತ್ತಿದ್ದು" ಎಂದು ಶುರುಮಾಡಿ ಒಂದೂವರೆ ಪುಟ ಬರೆದೆ. ಓದುತ್ತಾ ಮಾಮಾನ ಕಣ್ಣಿನಲ್ಲಿ ನೀರು ಬಂತು. ಸಹಿ ಮಾಡಿ ಕೊಟ್ಟರು. ಆ ಅರ್ಜಿ ನನ್ನ ಮೇಜಿನ ಖಾನೆಯಲ್ಲೇ ಉಳಿಯಿತು. ಅದಾದ ಮೇಲೆ ಕಂಡಾಗಲೆಲ್ಲ "ಉತ್ತರ ಬಂತೇನ?" ಎಂಬ ಒಂದೇ ಪ್ರಶ್ನೆ. ಅದು ಸರಿಹೋಗುವವರೆಗೆ ಮೇಲೆ ಹತ್ತುವುದಿಲ್ಲ, ದುರ್ಬಲವಾದದ್ದಕ್ಕೆ ತ್ರಾಸು ಕೊಡಬಾರದು ಎಂದು ಎರಡು ವರ್ಷ ಗುಮ್ಮಟದ ಹೊರಗೆ ಹುಲ್ಲಿನ ಮೇಲೆ ಕೂತು ಬಂದರು. ಕಳೆದ ದೀಪಾವಳಿಯಲ್ಲಿ ಕೇಳಿದಾಗ ನಾನು ಬೇಸತ್ತುಹೋಗಿದ್ದೆ. "ಬಂತು ಮಾಮಾ. ಸೀಳು ಮುಚ್ಚಿ ಎಲ್ಲಾ ಸುದ್ದ ಮಾಡ್ಯಾರಂತ" ಎಂದುಬಿಟ್ಟೆ. ಸುಳ್ಳು ಹೇಳಲೂ ಬುದ್ಧಿ ಬೇಕು. ನನಗೆ ಅಷ್ಟೂ ಇರಲಿಲ್ಲ.

ಮುಂದಿನ ಅಮಾವಾಸ್ಯೆ ಮೂವರೂ ಹೋದೆವು. ಮಾಮಾ ಹೊಸ ಅಂಗಿ ತೊಟ್ಟಿದ್ದರು. ಮೆಟ್ಟಿಲು ಹತ್ತುವಾಗ ಐವತ್ತರ ಮನುಷ್ಯ ಎಂದು ಯಾರೂ ಹೇಳುವಂತಿರಲಿಲ್ಲ. ಮೊಗಸಾಲೆಯಲ್ಲಿ ಬೀಳಗಿ ಕಡೆಯಿಂದ ಬಂದ ಒಂದು ಮನೆಯವರು ಗೋಡೆಗುಂಟ ಕೂತಿದ್ದರು. ಅಕ್ಕ ಎದುರು ಬದಿಗೆ ಹೋದಳು. ಮಾಮಾ ಈ ಸಲ ಚಪ್ಪಾಳೆ ತಟ್ಟಲಿಲ್ಲ, ನೇರವಾಗಿ ಗೋಡೆಗೆ ಕಿವಿ ಇಟ್ಟರು. ನಾನು ಎರಡು ಮೊಳ ಆಚೆ ನಿಂತೆ.

ಅಕ್ಕ ಬೆನ್ನು ತಿರುಗಿಸಿದ್ದು, ಸೆರಗು ಎತ್ತಿದ್ದು ಕಂಡಿತು. ಎರಡು ವರ್ಷದ ಮೇಲೆ ಹೇಳುತ್ತಿದ್ದಾಳೆ, ಗಂಡನ ಕಿವಿಯ ಬಗ್ಗೆ ಅವಳಿಗೂ ಅನುಮಾನ ಇದ್ದಿರಬೇಕು. ದನಿ ಏರಿಸಿಯೇ ಕರೆದಳು.

"ಮುರಗೆಪ್ಪಾ!"

ಏಳು ಸಲ ಬಂತು. ಗೋಡೆಗುಂಟ ಕೂತವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಒಬ್ಬ ಹೆಂಗಸು ಅಕ್ಕನ ಕಡೆ ನೋಡಿ ನಕ್ಕಳು. ಮಾಮಾ ಕಣ್ಣು ಮುಚ್ಚಿರಲಿಲ್ಲ. ಅಷ್ಟೂ ತಲೆಗಳು ಎದ್ದದ್ದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಿನಗ ಕೇಳ್ತೇನ?"

ನಾನು ಅಕ್ಕನ ಕಡೆ ನೋಡಿದೆ.

"ಖರೆ ಹೇಳಲೇ."

"ಕೇಳ್ತರಿ ಮಾಮಾ."

"ಎಷ್ಟ ಸಲ?"

"ಏಳು."

ಅವರ ಮುಖ ಒಂದು ಗಳಿಗೆ ಹಗುರಾಯಿತು. "ಅಂದ್ರ ಗುಮ್ಮಟ ಛಲೋ ಐತಿ" ಎಂದರು. ಮೊದಲು ಅವರಿಗೆ ಸಮಾಧಾನವಾದದ್ದು ಗುಮ್ಮಟದ ಬಗ್ಗೆ. ತಮ್ಮ ಬಗ್ಗೆ ತಿಳಿದದ್ದು ಆಮೇಲೆ. ಗೋಡೆಗೆ ಬೆನ್ನು ಹಚ್ಚಿ ಕುಸಿದು ಕೂತರು. "ಎಂದಿಂದ ಗೊತ್ತಿತ್ತು ನಿನಗ?" ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಅಲ್ಲೇ ಒಬ್ಬ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾಮಾನ ಎರಡೂ ಕಿವಿಗೆ ಏನೇನೋ ಕೇಳಿಸಿ ನೋಡಿ, ನನ್ನನ್ನು ಹೊರಗೆ ಕರೆದರು. ಮಗ್ಗದ ಸಪ್ಪಳ ತಿಂದುಹಾಕಿದೆ, ಹೋದದ್ದು ಬರುವುದಿಲ್ಲ, ಮಷೀನು ಹಾಕಿದರೆ ಸಪ್ಪಳ ಬಂದೀತು, ಮಾತು ತಿಳಿಯುವುದು ಕಷ್ಟ ಎಂದರು. "ಎರಡ ವರ್ಷ ಮೊದಲ ಬಂದು ಮಗ್ಗ ಬಿಟ್ಟಿದ್ರ ಒಂದಿಷ್ಟ ಉಳೀತಿತ್ತು. ಯಾರೂ ಹೇಳಲಿಲ್ಲೇನ್ರಿ ಅವರಿಗೆ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಅದು ನಿಜವೇ, ನಾನೂ ಹೇಳಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅಕ್ಕ, ಮಾಮಾ ಒಂದು ಸೀಟಿನಲ್ಲಿ, ನಾನು ಅವರ ಎದುರಿನ ಅಡ್ಡ ಸೀಟಿನಲ್ಲಿ. ಚಿಕ್ಕಪಡಸಲಗಿ ಬಂತು. ಮಾಮಾ ಏಳಲಿಲ್ಲ. ಹೊಳೆ ತನ್ನ ಪಾಡಿಗೆ ತಾನು ಹಿಂದೆ ಹೋಗುತ್ತಿತ್ತು.

ಅಕ್ಕ ಬಹಳ ಹೊತ್ತಿನಿಂದ ಸೆರಗಿನ ತುದಿ ಹಿಂಡುತ್ತಿದ್ದಳು. ಒಮ್ಮೆಲೇ ಸೆರಗು ಬಿಟ್ಟಳು. ಮಾಮಾನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಂಬಿದ ಬಸ್ಸಿನಲ್ಲಿ, ತಮ್ಮನ ಎದುರಿಗೆ, ಬಾಯಿಗೆ ಮರೆಯಿಲ್ಲದೆ, ಗಂಡನ ಮುಖ ನೋಡಿಕೊಂಡು ಹೇಳಿದಳು.

"ಮುರಗೆಪ್ಪಾ."

ಮಾಮಾ ಅವಳ ತುಟಿಯನ್ನೇ ನೋಡಿದರು. ಅವಳ ತುಟಿಯ ಮೇಲೆ ಯಾವ ಮಾತನ್ನೂ ಅವರು ಈವರೆಗೆ ತಪ್ಪಿದವರಲ್ಲ. ಆದರೆ ಈ ಒಂದನ್ನು ಅಲ್ಲಿ ಒಂದು ದಿನವೂ ಕಂಡಿರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಇನ್ನಷ್ಟು ಬಾಗಿದರು. ಅವಳು ಮತ್ತೊಮ್ಮೆ ಹೇಳಿದಳು.

"ಏನ, ನೀರ ಬೇಕೇನ?" ಎಂದು ಕೇಳಿ ಮಾಮಾ ಚೀಲದೊಳಗಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ಅವಳ ಕೈಗೆ ಕೊಟ್ಟರು. ಅಕ್ಕ ಕುಡಿದಳು.