ಹುಸೇನಬಿಯ ಮೂರು ತೊಲ

೧೯೧೧ನೆಯ ಇಸವಿ. ಇಳಕಲ್ಲಿನ ಒಬ್ಬ ರೇಷ್ಮೆ ಸಾವಕಾರರ ಅಂಗಡಿಯಲ್ಲಿ ನಾನು ತೂಕದ ಕಾರಕೂನನಾಗಿದ್ದೆ. ಸೀರೆಯ ಸೆರಗಿಗೆ ಬೇಕಾದ ಕಚ್ಚಾ ರೇಷ್ಮೆಯನ್ನು ಬಣ್ಣಗಾರರಿಗೆ ತೂಗಿ ಕೊಡುವುದು, ಅವರು ಕೆಂಪು ಬಣ್ಣ ಹಾಕಿ ತಂದಾಗ ಮತ್ತೆ ತೂಗಿ ತೆಗೆದುಕೊಳ್ಳುವುದು, ಇಷ್ಟೇ ಕೆಲಸ. ಯಾರನ್ನೂ ನಂಬದಿರುವುದೂ ಅದರಲ್ಲೇ ಸೇರಿತ್ತು. ಹೆಂಡತಿ ಬೀಸಿ ತಂದ ಜೋಳದ ಹಿಟ್ಟನ್ನೂ ಕೈಯಲ್ಲಿ ಎತ್ತಿ ನೋಡುತ್ತಿದ್ದ ಮನುಷ್ಯ ನಾನು.

ಕಚ್ಚಾ ರೇಷ್ಮೆಯ ಎಳೆಗೆ ಹುಟ್ಟಿನಿಂದಲೇ ಒಂದು ಅಂಟು ಇರುತ್ತದೆ. ಪಾಪಡಖಾರವೆಂಬ ಕ್ಷಾರ ಹಾಕಿದ ನೀರಿನಲ್ಲಿ ಕುದಿಸಿ ಅದನ್ನು ಬಿಡಿಸದೆ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಅಂಟಿನ ಜತೆಗೆ ತೂಕವೂ ಇಳಿಯುತ್ತದೆ. ಆದ್ದರಿಂದ ನೂರು ತೊಲ ಒಯ್ದವರು ಎಪ್ಪತ್ತಾರು ತೊಲ ತಿರುಗಿ ಕೊಡಬೇಕೆಂಬುದು ನಮ್ಮ ಅಂಗಡಿಯ ಕಟ್ಟಳೆ. ಉಳಿದ ಬಣ್ಣಗಾರರು ಮರುದಿನವೇ ಎಪ್ಪತ್ತಾರಕ್ಕೆ ಸರಿಯಾಗಿ ತರುತ್ತಿದ್ದರು. ಹುಸೇನಬಿ ಮಾತ್ರ ನಾಲ್ಕನೆಯ ದಿನಕ್ಕೆ ಬಂದು ಎಪ್ಪತ್ಮೂರು ತೂಗಿಸುತ್ತಿದ್ದಳು. ಒಮ್ಮೆಯಲ್ಲ, ಸತತ ಮೂರು ಸಲ.

ಗಂಡ ತೀರಿಕೊಂಡ ಮೇಲೆ ಅವನ ಹಂಡೆಗಳನ್ನು ತಾನೇ ಒಲೆಗೇರಿಸಿ ಮನೆಯಲ್ಲೇ ಬಣ್ಣದ ಕೆಲಸ ನಡೆಸಿದ್ದ ಹೆಂಗಸು ಆಕೆ. ಎರಡು ಸಣ್ಣ ಮಕ್ಕಳು, ಅದರಲ್ಲಿ ಒಂದು ಮೊಲೆಗೂಸು. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ನಾಲ್ಕು ದಿನ ರೇಷ್ಮೆ ಮನೆಯಲ್ಲಿಟ್ಟುಕೊಳ್ಳುವುದು ಯಾಕೆ? ಎಳೆ ಎಳೆಯಾಗಿ ತೆಗೆದು ಮಾರಲಿಕ್ಕೆ, ಇನ್ನೇನು! ಮೂರನೆಯ ಸಲ ಅಂಗಡಿ ತುಂಬ ಜನರಿದ್ದಾಗಲೇ ಆಡಿಬಿಟ್ಟೆ: “ಕಳ್ಳರಿಗೆ ಈ ಅಂಗಡ್ಯಾಗ ಕೆಲಸ ಇಲ್ಲವ್ವಾ.”

ಆಕೆ ಅಳಲಿಲ್ಲ. ಕಂಕುಳಲ್ಲಿದ್ದ ಕೂಸನ್ನು ಸರಿಪಡಿಸಿಕೊಂಡು, ಗಾದಿಯ ಮೇಲೆ ಕೂತಿದ್ದ ಸಾವಕಾರರ ಕಡೆ ತಿರುಗಿ, “ಇನ್ನೊಂದ ಸಲ ಕೊಟ್ಟು ನೋಡ್ರಿ, ಸಾವಕಾರ್ರ. ಇದು ಹೋದ್ರ ನನ್ನ ಒಲಿ ಹತ್ತೂದಿಲ್ಲ” ಎಂದಳು. ಸಾವಕಾರರು ನನ್ನ ಮುಖ ನೋಡಿ, “ಇದ ಕಡೀದು. ಕಡಿಮಿ ಬಂದ್ರ ನಿನಗ ಕೆಲಸಿಲ್ಲ” ಎಂದು ನೂರು ತೊಲ ಕೊಡಿಸಿದರು. ಅದೇ ಗಂಟಿನಿಂದ ಇನ್ನಿಬ್ಬರು ಬಣ್ಣಗಾರರಿಗೂ ನೂರು ನೂರು ತೊಲ ತೂಗಿ ಕೊಟ್ಟೆ. ಆ ಇಬ್ಬರೂ ಮರುದಿನವೇ ಎಪ್ಪತ್ತಾರು ತಂದು ಒಪ್ಪಿಸಿದರು.

ನಾಲ್ಕನೆಯ ದಿನ ಬೆಳಿಗ್ಗೆ ಹೇಳದೆ ಕೇಳದೆ ಹುಸೇನಬಿಯ ಮನೆಗೆ ಹೋದೆ. ಕಳವಿನ ಮಾಲನ್ನು ಕೈಯಾರೆ ಹಿಡಿಯಬೇಕೆಂಬ ಹಟ ನನ್ನದು. ಅಂಗಳದ ಗಳುವಿನ ಮೇಲೆ ರೇಷ್ಮೆ ಎಳೆಯ ಕೆಂಪು ಲಡಿಗಳು ತೂಗುತ್ತಿದ್ದವು. ಪೆಟ್ಟಿಗೆ ತೆಗೆಸಿದೆ, ಗಡಿಗೆಗಳಲ್ಲಿ ಇಣುಕಿದೆ, ಕೌದಿ ಝಾಡಿಸಿದೆ. ಏನೂ ಸಿಗದಿದ್ದಾಗ, ಹೇಳಲು ಇಂದಿಗೂ ನಾಚಿಕೆ, ತೊಟ್ಟಿಲಿಗೂ ಕೈ ಹಾಕಿದೆ. ಮಲಗಿದ್ದ ಕೂಸು ಎದ್ದು ಕಿರುಚಿತು.

“ಹುಡುಕ್ರಿ, ಹುಡುಕ್ರಿ,” ಎಂದಳು ಹುಸೇನಬಿ. “ಆದ್ರ ಅದನ್ನ ತಿರುಗಿ ಮಲಗಿಸಿ ಹೋಗ್ರಿ ಮತ್ತ. ಅದು ಮಲಗಿದಾಗಷ್ಟ ನನಗ ಕೆಲಸ.”

“ಎಲ್ಲಾರೂ ಒಂದ ದಿನಕ್ಕ ತರ್ತಾರ. ನಿನಗ್ಯಾಕ ನಾಕ ದಿನ?”

“ಅವರ ಮನ್ಯಾಗ ಹೆಂಡರ ಅದಾರ್ರಿ, ಕೂಸ ನೋಡಾಕ. ನನಗ್ಯಾರದಾರ? ಇದು ಅತ್ತರ ಕೈ ತೊಳಕೊಂಡು ಹಾಲ ಕುಡಸಬೇಕು. ಅಷ್ಟರಾಗ ನೀರು ಆರಿರತೈತಿ, ಮತ್ತ ಕಾಸಬೇಕು. ಲಡಿ ನಿನ್ನೆ ಮುಂಜಾನೇನ ಒಣಗ್ಯಾವ. ಇದಕ್ಕ ಜ್ವರ, ಬಿಟ್ಟು ಬರಾಕ ಆಗಲಿಲ್ಲ. ಲಡಿ ಮುಟ್ಟಿ ನೋಡ್ರಿ ಬೇಕಾದ್ರ.”

ಮುಟ್ಟಿದೆ. ಲಡಿ ಹಗುರಾಗಿತ್ತು, ಬಿಸಿಲಿಗೆ ಬೆಚ್ಚಗಿತ್ತು. ಉಳಿದವರು ತಂದ ಲಡಿ ಅಂಗೈಗೆ ಯಾವಾಗಲೂ ತಣ್ಣಗೆ ಹತ್ತುತ್ತಿದ್ದುದು ಆಗ ನೆನಪಾಯಿತು. ರೇಷ್ಮೆ ಒಳಗೊಳಗೇ ನೀರು ಹಿಡಿದುಕೊಳ್ಳುವ ಮಾಲು, ಮೇಲೆ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಎಷ್ಟೋ ವರ್ಷ ತಕ್ಕಡಿ ಹಿಡಿದ ನನಗೆ ಇದು ತಿಳಿಯದ್ದೇನಲ್ಲ. ಎಪ್ಪತ್ತಾರು ಸರಿಯಾಗಿ ಬಂದ ಮೇಲೆ ಅನುಮಾನ ಪಡುವುದು ಯಾಕೆಂದು ಸುಮ್ಮನಿದ್ದೆ, ಅಷ್ಟೇ.

ಅಂಗಡಿಗೆ ಬಂದವನೇ ಆ ಇಬ್ಬರು ಕೊಟ್ಟಿದ್ದ ಲಡಿಗಳನ್ನು ಮಾಳಿಗೆಯ ಮೇಲೆ ಹರವಿಸಿದೆ. ಎರಡು ದಿನ ಒಣಗಿಸಿ ತೂಗುತ್ತೇನೆಂದು ಹೇಳಿಕಳಿಸಿದ್ದಕ್ಕೆ, ಇಬ್ಬರೂ ಓಡಿಬಂದು, “ಹಂಗೆಲ್ಲಾ ತೂಗೂ ಪದ್ಧತಿ ಇಲ್ರಿ!” ಎಂದು ಜಗಳ ತೆಗೆದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಎರಡು ದಿನದ ಮೇಲೆ ಸಾವಕಾರರ ಎದುರಿಗೇ ತೂಗಿದೆ. ಒಬ್ಬನದು ಅರವತ್ತೊಂಬತ್ತು, ಇನ್ನೊಬ್ಬನದು ಎಪ್ಪತ್ತು. ಹುಸೇನಬಿಯದು ಈ ಸಲವೂ ಎಪ್ಪತ್ಮೂರು. ನಮ್ಮ ಎಪ್ಪತ್ತಾರರ ಕಟ್ಟಳೆಯೇ ಪೂರ್ತಿ ಒಣಗದ ಲಡಿಯನ್ನು ತೂಗಿ ಕಟ್ಟಿದ್ದು. ಆಕೆಯ ಕೈಯಲ್ಲಿ ಅಂಟಿನ ಹೊರತು ಏನೂ ಹೋಗಿರಲಿಲ್ಲ. ಅವರು ಮಾತ್ರ ರೇಷ್ಮೆ ತೆಗೆದು ನೀರು ತುಂಬಿ ತರುತ್ತಿದ್ದರು. ನಾನು ಅವರಿಗೆ ದಿನಾ ನಮಸ್ಕಾರ ಮಾಡಿ ಕಳಿಸುತ್ತಿದ್ದೆ.

ಸಾವಕಾರರು ಆ ಇಬ್ಬರನ್ನು ಕೆಲಸದಿಂದ ಬಿಡಿಸಿ, ಅವರ ಪಾಲಿನ ರೇಷ್ಮೆಯನ್ನೂ ಹುಸೇನಬಿಗೇ ಕೊಡಲು ಹೇಳಿದರು. ಆಕೆ ಬಂದಾಗ ಒಳಕೋಣೆಗೆ ಕರೆದು ಮೆಲ್ಲಗೆ, “ತಪ್ಪಾತವ್ವಾ” ಎಂದೆ.

ಆಕೆ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. “ಕಳ್ಳಿ ಅಂದದ್ದು ಮಂದಿ ಮುಂದ, ಕಾರಕೂನ್ರ. ತಪ್ಪಾತು ಅನ್ನೂದು ಮಾತ್ರ ಬಾಗಲಾ ಮುಚಗೊಂಡೇನ್ರಿ?”

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೂ ಹೊರಗೆ ಬಂದೆ. ಅಂಗಡಿಯಲ್ಲಿ ನೇಕಾರರಿದ್ದರು, ಹಮಾಲರಿದ್ದರು, ನನಗಿಂತ ಸಣ್ಣ ಕಾರಕೂನರಿದ್ದರು. ಅವರೆಲ್ಲರ ಮುಂದೆ ಆಕೆಯ ಹೆಸರು ಹಿಡಿದು, “ಹುಸೇನಬಿ ಕಳ್ಳಿ ಅಲ್ಲ, ತಪ್ಪು ನಂದು” ಎಂದೆ. ಆಕೆ “ಹೂಂ” ಎಂದು ತಲೆಯಾಡಿಸಿ, ರೇಷ್ಮೆಯ ಗಂಟು ಹೊತ್ತುಕೊಂಡು ಹೋದಳು.

ಅನುಮಾನ ಪಡುವುದನ್ನು ನಾನು ಆಮೇಲೂ ಬಿಡಲಿಲ್ಲ, ಅದು ನನ್ನ ಹೊಟ್ಟೆಪಾಡು. ಆದರೆ ಅಲ್ಲಿಯವರೆಗೂ ನಾನು ಅನುಮಾನಪಟ್ಟದ್ದು ನನಗೆ ತಿರುಗಿ ಮಾತಾಡಲಾಗದವರನ್ನೇ. ಹುಸೇನಬಿ ತಿರುಗಿ ಮಾತಾಡಿದಳು.